ಗೃಹಸಾಲ, ಅಡಮಾನ ಮತ್ತು ಮನೆ ಖರೀದಿಯ ವೆಚ್ಚ: ನಂಜನಗೂಡು ಹಾಗೂ ತಿ. ನರಸೀಪುರ ತಾಲ್ಲೂಕುಗಳು

ಮನೆ ಕೊಳ್ಳಲು ಇಲ್ಲವೆ ಕಟ್ಟಲು ಆ ಮನೆಯನ್ನೇ ಆಧಾರವಾಗಿ ಕೊಟ್ಟು ಪಡೆಯುವ ದೀರ್ಘಾವಧಿಯ ಸಾಲಕ್ಕೆ ಗೃಹಸಾಲ ಎಂದು ಹೆಸರು. ಸಾಲ ತೀರುವವರೆಗೆ ಸ್ಥಿರಾಸ್ತಿಯ ಮೇಲೆ ಸಾಲ ಕೊಟ್ಟವರಿಗೆ ಒದಗುವ ಹಕ್ಕು ಅಡಮಾನ. ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳಲ್ಲಿ ಭೋಗ್ಯ, ಒತ್ತೆ, ಚೀಟಿ, ಕೈಸಾಲಗಳಂಥ ಹಳೆಯ ವ್ಯವಹಾರಗಳೂ ಬ್ಯಾಂಕಿನ ಗೃಹಸಾಲವೂ ಒಟ್ಟಿಗೆ ನಡೆಯುತ್ತಿವೆ. ಇಲ್ಲಿ ಮನೆಯೊಂದಕ್ಕೆ ಕೊನೆಗೆ ಎಷ್ಟು ಹಣ ಬೀಳುತ್ತದೆ ಎಂಬುದನ್ನು ಬಡ್ಡಿದರಕ್ಕೂ ಮೊದಲು ತೀರ್ಮಾನಿಸುವುದು ಆಸ್ತಿಯ ದಾಖಲೆ. ಕಾಗದ ಸರಿಯಿದ್ದರೆ ಬ್ಯಾಂಕು ಸಾಲ ಕೊಡುತ್ತದೆ. ಕೊರತೆಯಿದ್ದರೆ ಕೊಳ್ಳುವವರು ದುಬಾರಿ ಬಡ್ಡಿಯ ಕಡೆಗೆ ಹೋಗಬೇಕಾಗುತ್ತದೆ.

ಪ್ರದೇಶ ಮತ್ತು ಮಾರುಕಟ್ಟೆ

ಕೋಯಿಕ್ಕೋಡಿನಿಂದ ಗುಂಡ್ಲುಪೇಟೆ, ಮೈಸೂರು ಹಾದು ಕೊಳ್ಳೇಗಾಲಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 766 ಎರಡೂ ಪಟ್ಟಣಗಳನ್ನು ಮುಟ್ಟುತ್ತದೆ. ಕಪಿಲಾ (ಕಬಿನಿ) ನದಿಯ ದಂಡೆಯ ನಂಜನಗೂಡು ಶ್ರೀಕಂಠೇಶ್ವರ ದೇವಾಲಯದಿಂದ ಯಾತ್ರಾಸ್ಥಳವಾಗಿಯೂ, ನೆಸ್ಲೆ, ಜುಬಿಲೆಂಟ್, ಎಟಿ ಅಂಡ್ ಎಸ್‌ನಂಥ ಕಾರ್ಖಾನೆಗಳಿಂದ ಕೈಗಾರಿಕಾ ಪಟ್ಟಣವಾಗಿಯೂ ಬೆಳೆದಿದೆ. ಕಾವೇರಿ–ಕಪಿಲೆಯರ ಸಂಗಮದ ತಿ. ನರಸೀಪುರ ಮುಖ್ಯವಾಗಿ ನೀರಾವರಿ ಕೃಷಿಯ ಪೇಟೆ. ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮಕ್ಕೆ ನೂಲು ಒದಗಿಸುವ ಕಾರ್ಖಾನೆಯೂ ಇಲ್ಲಿದೆ. ನಂಜನಗೂಡಿನಲ್ಲಿ ನಗರಸಭೆಯಿದೆ, ತಿ. ನರಸೀಪುರದಲ್ಲಿ ಪುರಸಭೆ. ಮೈಸೂರಿನ ಮಹಾಯೋಜನೆಯ ವ್ಯಾಪ್ತಿಗೆ ನಂಜನಗೂಡೂ ಸೇರಿರುವುದರಿಂದ ಮೈಸೂರು ರಸ್ತೆಯ ಅಕ್ಕಪಕ್ಕದ ಹೊಲಗದ್ದೆಗಳು ಬಡಾವಣೆಗಳಾಗುತ್ತಿವೆ.

ಸಾಲ ಬೇಡುವವರ ವರಮಾನ ಎರಡು ಕಡೆಯೂ ಒಂದೇ ಬಗೆಯದಲ್ಲ. ಕಾರ್ಖಾನೆಯ ಕಾಯಂ ನೌಕರರು, ಶಿಕ್ಷಕರು, ಸರ್ಕಾರಿ ಸಿಬ್ಬಂದಿಯ ಬಳಿ ಸಂಬಳದ ಚೀಟಿ ಇರುತ್ತದೆ. ಗುತ್ತಿಗೆ ಕಾರ್ಮಿಕರು, ಭತ್ತ, ಬಾಳೆ, ರೇಷ್ಮೆಗೂಡು ಬೆಳೆಯುವವರು, ಸಣ್ಣ ಅಂಗಡಿಯವರ ಗಳಿಕೆ ನಿಜವಾಗಿದ್ದರೂ ಕಾಗದದಲ್ಲಿ ಕಾಣಿಸುವುದು ಕಡಿಮೆ. ಅಂಥವರಲ್ಲಿ ಬಹುಮಂದಿ ಬ್ಯಾಂಕಿಗಿಂತ ಹೆಚ್ಚಿನ ಬಡ್ಡಿ ವಿಧಿಸುವ ಗೃಹಹಣಕಾಸು ಕಂಪನಿಗಳತ್ತ ತಿರುಗುತ್ತಾರೆ.

ಈ ಭಾಗದಲ್ಲಿ ನಿವೇಶನವನ್ನು 20×30, 30×40 ಎಂದು ಅಡಿಗಳಲ್ಲಿ ಹೇಳುವುದು ರೂಢಿ. ಮನೆ ಕಟ್ಟುವ ಖರ್ಚನ್ನು 100 ಚದರ ಅಡಿಗೆ ಒಂದು ‘ಚದರ’ ಎಂಬ ಲೆಕ್ಕದಲ್ಲಿ ಮೇಸ್ತ್ರಿಯೊಡನೆ ಮಾತಾಡುತ್ತಾರೆ. ಅಪಾರ್ಟ್‌ಮೆಂಟುಗಳು ವಿರಳ. ನಿವೇಶನ ಕೊಂಡು ಕಟ್ಟುವುದು, ಕಟ್ಟಿದ ಹಳೆಯ ಮನೆ ಕೊಳ್ಳುವುದು, ಪಾಲಿಗೆ ಬಂದ ಜಾಗದಲ್ಲಿ ಕಟ್ಟುವುದು ಇವೇ ಮುಖ್ಯ ದಾರಿಗಳು. ಆಷಾಢದಲ್ಲಿ ಖರೀದಿ ತಗ್ಗಿ, ಶ್ರಾವಣದಲ್ಲಿ ಮತ್ತೆ ಏರುತ್ತದೆ.

ಅಡಮಾನದ ಬಗೆಗಳು

1882ರ ಸ್ವತ್ತು ವರ್ಗಾವಣೆ ಕಾಯ್ದೆಯ 58ನೇ ಪ್ರಕರಣ ಆರು ಬಗೆಯ ಅಡಮಾನಗಳನ್ನು ಹೇಳುತ್ತದೆ. ಇವುಗಳಲ್ಲಿ ಮೂರು ಈ ತಾಲ್ಲೂಕುಗಳಲ್ಲಿ ಹೆಚ್ಚು ಬಳಕೆಯಲ್ಲಿವೆ.

ಮೊದಲನೆಯದು ಸ್ವಾಧೀನವಿಲ್ಲದ ಸರಳ ಅಡಮಾನ. ಸಾಲಗಾರ ಮನೆಯಲ್ಲೇ ಇರುತ್ತಾನೆ. ಸಾಲ ತೀರಿಸದಿದ್ದರೆ ಆಸ್ತಿ ಮಾರಿಸಿ ಹಣ ಪಡೆಯುವ ಹಕ್ಕು ಸಾಲ ಕೊಟ್ಟವನಿಗಿದೆ. ಸಹಕಾರ ಸಂಘಗಳು ಬರೆಸಿಕೊಳ್ಳುವ ನೋಂದಾಯಿತ ಆಧಾರಪತ್ರಗಳು ಹೆಚ್ಚಾಗಿ ಈ ಬಗೆಯವು.

ಎರಡನೆಯದು ಸ್ವಾಧೀನ ಸಹಿತ ಅಡಮಾನ, ಜನರ ಮಾತಿನಲ್ಲಿ ಭೋಗ್ಯ. ಜಮೀನು ಭೋಗ್ಯಕ್ಕೆ ಹಾಕಿದರೆ ಹಣ ಕೊಟ್ಟವನು ಬೆಳೆ ಉಣ್ಣುತ್ತಾನೆ. ಮನೆಯಾದರೆ ಬಾಡಿಗೆಯಿಲ್ಲದೆ ವಾಸಿಸುತ್ತಾನೆ. ಬಡ್ಡಿಗೆ ಬಾಡಿಗೆ ವಜಾ, ಅವಧಿ ಮುಗಿದಾಗ ಅಸಲು ವಾಪಸ್ಸು. ‘ಮನೆ ಲೀಸ್‌ಗಿದೆ’ ಎಂಬ ಬೋರ್ಡಿನ ಹಿಂದಿನ ವ್ಯವಹಾರ ಬಹುಮಟ್ಟಿಗೆ ಇದೇ. ತೊಡಕಿರುವುದು ಅದನ್ನು ಬರೆಯುವ ರೀತಿಯಲ್ಲಿ. ಭೋಗ್ಯದ ಅಡಮಾನ 100 ರೂಪಾಯಿ ಅಥವಾ ಅದಕ್ಕೂ ಹೆಚ್ಚಿನದಾದರೆ ಇಬ್ಬರು ಸಾಕ್ಷಿಗಳ ಸಹಿಯೊಡನೆ ನೋಂದಣಿಯಾಗಬೇಕೆಂದು ಕಾಯ್ದೆ ಹೇಳುತ್ತದೆ. ಲಕ್ಷಗಟ್ಟಲೆ ಹಣದ ಎಷ್ಟೋ ಭೋಗ್ಯಗಳು ಮಾತ್ರ ಛಾಪಾಕಾಗದದ ಕರಾರಿನಲ್ಲೇ ಮುಗಿಯುತ್ತವೆ. ಅದೇ ಮನೆಯ ಮೇಲೆ ಮಾಲೀಕ ಮೊದಲೇ ಬ್ಯಾಂಕಿನಿಂದ ಸಾಲ ತೆಗೆದು ಸುಸ್ತಿಯಾಗಿದ್ದರೆ ಭೋಗ್ಯದವನ ಹಣ ಕೊನೆಯ ಸಾಲಿಗೆ ಬೀಳುತ್ತದೆ. ಭೋಗ್ಯಕ್ಕೆ ಹಣ ಕೊಡುವ ಮುನ್ನ ಆಸ್ತಿಯ ಮೇಲಿನ ನೋಂದಾಯಿತ ವ್ಯವಹಾರಗಳನ್ನು ತೋರಿಸುವ ಋಣಭಾರ ಪತ್ರ ನೋಡುವುದು, ಮನೆ ಕೊಳ್ಳುವಾಗ ನೋಡುವಷ್ಟೇ ಅಗತ್ಯ.

ಮೂರನೆಯದು ಹಕ್ಕುಪತ್ರಗಳನ್ನು ಠೇವಣಿ ಇಟ್ಟು ಮಾಡುವ ಅಡಮಾನ. ಬ್ಯಾಂಕುಗಳ ಗೃಹಸಾಲ ಹೆಚ್ಚಾಗಿ ನಡೆಯುವುದು ಇದರ ಮೇಲೆ. ಸಾಲಗಾರ ಮೂಲ ಕ್ರಯಪತ್ರವನ್ನೂ ಅದರ ಹಿಂದಿನ ಪತ್ರಗಳನ್ನೂ ಬ್ಯಾಂಕಿಗೆ ಒಪ್ಪಿಸುತ್ತಾನೆ; ಒಪ್ಪಿಸಿದ್ದಕ್ಕೆ ಒಂದು ಜ್ಞಾಪನ ಪತ್ರ ಸಿದ್ಧವಾಗಿ, ಮುದ್ರಾಂಕ ಶುಲ್ಕ ತೆತ್ತು, ಅದು ಋಣಭಾರ ಪತ್ರದಲ್ಲಿ ದಾಖಲಾಗುತ್ತದೆ. 2011ರಿಂದ ಇಂಥ ಭದ್ರತೆಗಳು ಸೆರ್ಸಾಯ್ ಎಂಬ ಕೇಂದ್ರ ನೋಂದಣಿಯಲ್ಲೂ ಸೇರುತ್ತಿವೆ. ಒಂದೇ ಆಸ್ತಿ ತೋರಿಸಿ ಎರಡು ಬ್ಯಾಂಕಿನಲ್ಲಿ ಸಾಲ ಎತ್ತುವುದನ್ನು ತಡೆಯುವುದು ಇದರ ಉದ್ದೇಶ.

ಎಲ್ಲ ಬಗೆಗೂ ಸಮಾನವಾದದ್ದು ಬಿಡಿಸಿಕೊಳ್ಳುವ ಹಕ್ಕು. ಸಾಲ ತೀರಿಸಿದವನಿಗೆ ಆಸ್ತಿ ಮರಳಲೇಬೇಕು. ಇಂತಿಷ್ಟು ದಿನದೊಳಗೆ ತೀರಿಸದಿದ್ದರೆ ಮನೆ ಪೂರ್ತಿ ಸಾಲ ಕೊಟ್ಟವನದೇ ಎಂದು ಪತ್ರದಲ್ಲಿ ಬರೆಸಿಕೊಂಡರೂ ನ್ಯಾಯಾಲಯ ಅದನ್ನು ಒಪ್ಪುವುದಿಲ್ಲ. ಭೋಗ್ಯದ ಅಡಮಾನಕ್ಕೆ 30 ವರ್ಷ ಕಳೆದ ಮಾತ್ರಕ್ಕೆ ಈ ಹಕ್ಕು ನಂದಿಹೋಗದು ಎಂದು ಸುಪ್ರೀಂ ಕೋರ್ಟು 2014ರಲ್ಲಿ ತೀರ್ಪಿತ್ತಿದೆ. ಕೈಸಾಲಕ್ಕೆ ಭದ್ರತೆಯೆಂದು ‘ಶುದ್ಧ ಕ್ರಯಪತ್ರ’ವನ್ನೇ ಬರೆದುಕೊಡುವ ಕೆಟ್ಟ ರೂಢಿ ಮಾತ್ರ ಈ ರಕ್ಷಣೆಯಿಂದ ಸಾಲಗಾರನನ್ನು ದೂರವಿಡುತ್ತದೆ: ಅದು ನಿಜವಾಗಿ ಅಡಮಾನವೆಂದು ಸಾಬೀತುಮಾಡುವ ಹೊರೆ ಅವನ ಮೇಲೇ ಬೀಳುತ್ತದೆ.

ಸಾಲ ಸಂಸ್ಥೆಗಳು ಬೆಳೆದ ಬಗೆ

ಮೈಸೂರು ಸಂಸ್ಥಾನದಲ್ಲಿ ಸಹಕಾರ ಸಂಘಗಳ ಕಾನೂನು 1905ರಲ್ಲಿ ಬಂತು. 1909ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕಟ್ಟಡ ಸಹಕಾರ ಸಂಘವನ್ನು ದೇಶದ ಮೊದಲ ಗೃಹನಿರ್ಮಾಣ ಸಹಕಾರ ಸಂಘವೆಂದು ಗುರುತಿಸುತ್ತಾರೆ. 1913ರಲ್ಲಿ ಮೈಸೂರು ಬ್ಯಾಂಕು, 1929ರಲ್ಲಿ ರೈತರಿಗೆ ಜಮೀನಿನ ಆಧಾರದ ಮೇಲೆ ದೀರ್ಘಾವಧಿ ಸಾಲ ಕೊಡುವ ಸಹಕಾರಿ ಭೂ ಅಡಮಾನ ಬ್ಯಾಂಕು ಸ್ಥಾಪನೆಯಾದವು. ತಾಲ್ಲೂಕು ಕೇಂದ್ರಗಳಲ್ಲಿ ಜನ ಇಂದಿಗೂ ಪಿಎಲ್‌ಡಿ ಬ್ಯಾಂಕು ಎನ್ನುವುದು ಈ ಭೂ ಅಡಮಾನ ಬ್ಯಾಂಕಿನ ಪರಂಪರೆಯ ಸಂಸ್ಥೆಯನ್ನೇ.

ಮನೆಗೆಂದೇ ಸಾಲ ಸಿಗತೊಡಗಿದ್ದು ಇದಕ್ಕಿಂತ ಬಹಳ ತಡವಾಗಿ. 1970ರಲ್ಲಿ ಹುಡ್ಕೊ, 1977ರಲ್ಲಿ ಎಚ್‌ಡಿಎಫ್‌ಸಿ, 1987ರಲ್ಲಿ ಬೆಂಗಳೂರಿನ ಕ್ಯಾನ್‌ಫಿನ್ ಹೋಮ್ಸ್, 1988ರಲ್ಲಿ ರಾಷ್ಟ್ರೀಯ ವಸತಿ ಬ್ಯಾಂಕು, 1989ರಲ್ಲಿ ಎಲ್‌ಐಸಿ ಹೌಸಿಂಗ್ ಫೈನಾನ್ಸ್ ಬಂದವು. ಬಡವರ ಮನೆಗಳಿಗೆ 2000ದಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಸರ್ಕಾರದ ಸಹಾಯಧನ ತಲುಪಿಸುತ್ತದೆ.

ಬ್ಯಾಂಕುಗಳ ವಿಲೀನ ಹಳೆಯ ಮನೆ ಕೊಳ್ಳುವವರಿಗೆ ಒಂದು ಕೆಲಸ ಹೆಚ್ಚಿಸಿದೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐಗೆ, ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿಗೆ ಸೇರಿದವು. ಮೈಸೂರು ಕೇಂದ್ರವಾಗಿದ್ದ ಕಾವೇರಿ ಗ್ರಾಮೀಣ ಬ್ಯಾಂಕು 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕಾಯಿತು. ಋಣಭಾರ ಪತ್ರದಲ್ಲಿ ಈ ಹಳೆಯ ಹೆಸರುಗಳ ಅಡಮಾನ ಇನ್ನೂ ಉಳಿದಿದ್ದರೆ, ಸಾಲ ಎಂದೋ ತೀರಿದ್ದರೂ, ಈಗಿನ ಬ್ಯಾಂಕಿನಿಂದ ಬಿಡುಗಡೆ ಪತ್ರ ಪಡೆದು ನೋಂದಾಯಿಸದ ಹೊರತು ಹೊಸ ಸಾಲ ಸಿಗುವುದು ಕಷ್ಟ.

ದಾಖಲೆಗಳು

ಸಾಲದ ಅರ್ಜಿ ಬಂದೊಡನೆ ಬ್ಯಾಂಕು ಕಡತವನ್ನು ತನ್ನ ಪಟ್ಟಿಯ ವಕೀಲರಿಗೂ ಮೌಲ್ಯಮಾಪಕರಿಗೂ ಕಳಿಸುತ್ತದೆ. ವಕೀಲರು ಹಕ್ಕು ಯಾರಿಂದ ಯಾರಿಗೆ ಬಂತೆಂದು ಸಾಮಾನ್ಯವಾಗಿ 30 ವರ್ಷದಷ್ಟು ಹಿಂದಕ್ಕೆ ಹೋಗಿ ನೋಡುತ್ತಾರೆ. ವ್ಯವಹಾರಗಳಿದ್ದರೆ ನಮೂನೆ 15ರಲ್ಲೂ, ಏನೂ ಇಲ್ಲದಿದ್ದರೆ ನಮೂನೆ 16ರಲ್ಲೂ ಋಣಭಾರ ಪತ್ರ ಬರುತ್ತದೆ. ಕಾವೇರಿ 2.0 ತಂತ್ರಾಂಶ 2023ರಲ್ಲಿ ಬಂದ ಮೇಲೆ ಇದನ್ನು ಮನೆಯಿಂದಲೇ ಪಡೆಯಬಹುದು.

ಪಟ್ಟಣದ ಆಸ್ತಿಗೆ ಇ-ಆಸ್ತಿ ತಂತ್ರಾಂಶದ ಇ-ಖಾತೆಯೂ ಪಂಚಾಯಿತಿ ಆಸ್ತಿಗೆ 2013ರಿಂದ ಜಾರಿಯಲ್ಲಿರುವ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಕೂಡ ಬೇಕು. 2024ರ ಅಕ್ಟೋಬರಿನಿಂದ ಇ-ಖಾತೆ ಇಲ್ಲದೆ ಕ್ರಯಪತ್ರ ನೋಂದಣಿಯಾಗುವುದಿಲ್ಲ. ಖಾತೆ ತೆರಿಗೆಯ ದಾಖಲೆಯಷ್ಟೇ. ಹಕ್ಕು ಸಿದ್ಧವಾಗುವುದು ನೋಂದಾಯಿತ ಪತ್ರದಿಂದ. ನಿಯಮ ಮೀರಿ ಎದ್ದ ಬಡಾವಣೆಯ ನಿವೇಶನಗಳಿಗೆ ಸಿಗುವ ನಮೂನೆ 11ಬಿ ಅಥವಾ ಬಿ-ಖಾತೆಯಿಂದ ತೆರಿಗೆ ಕಟ್ಟಬಹುದು, ಆದರೆ ಬಡಾವಣೆ ಅದರಿಂದ ಸಕ್ರಮವಾಗುವುದಿಲ್ಲ. ಇಂಥ ಆಸ್ತಿಗೆ ಸಾಲ ಕೊಡಲು ಹೆಚ್ಚಿನ ಬ್ಯಾಂಕುಗಳು ಹಿಂಜರಿಯುತ್ತವೆ.

ಎರಡೂ ತಾಲ್ಲೂಕುಗಳಲ್ಲಿ ಮತ್ತೆಮತ್ತೆ ಎದುರಾಗುವ ತೊಡಕುಗಳು ಕೆಲವು. ಕೃಷಿ ಜಮೀನನ್ನು 1964ರ ಭೂಕಂದಾಯ ಕಾಯ್ದೆಯ 95ನೇ ಪ್ರಕರಣದಂತೆ ಪರಿವರ್ತನೆ ಮಾಡಿಸದೆ ತುಂಡುಮಾಡಿ ಮಾರಿದ ‘ರೆವಿನ್ಯೂ ಸೈಟು’ಗಳು ಅಗ್ಗಕ್ಕೆ ಸಿಗುತ್ತವೆ, ಆ ಅಗ್ಗ ಮುಂದೆ ಸಾಲ ಸಿಗದೆ, ಕಟ್ಟಡ ಪರವಾನಗಿ ಸಿಗದೆ ಕರಗಿಹೋಗುತ್ತದೆ. ಗದ್ದೆ ಬದುವಿನ ತೋಟದ ಮನೆಗೂ ಇದೇ ಪಾಡು. ಕೃಷಿ ಭೂಮಿಯ ಮೇಲಿನ ಅಡಮಾನಕ್ಕೆ ದಾವೆ ಹೂಡದೆಯೇ ವಸೂಲಿಗೆ ದಾರಿ ಕೊಡುವ ಸರ್ಫೇಸಿ ಕಾಯ್ದೆ ಅನ್ವಯಿಸದ ಕಾರಣ ಬ್ಯಾಂಕುಗಳು ಅದಕ್ಕೆ ಗೃಹಸಾಲ ಕೊಡಲು ಒಲ್ಲವು. ಸರ್ಕಾರ ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರು ಮಾಡಿದ ಜಮೀನಿನಿಂದ ನಿವೇಶನ ಬಂದಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಅಡ್ಡಬರುತ್ತದೆ. ಸರ್ಕಾರದ ಅನುಮತಿಯಿಲ್ಲದ ಮಾರಾಟ ಅಸಿಂಧು. ಜಮೀನು ಮರಳಿ ಮಂಜೂರುದಾರರ ಕುಟುಂಬಕ್ಕೆ ಹೋಗುತ್ತದೆ. ಅರ್ಜಿ ಹಾಕಲು ಕಾಲಮಿತಿ ಇಲ್ಲವೆಂದು 2023ರ ತಿದ್ದುಪಡಿ ಸ್ಪಷ್ಟಪಡಿಸಿದೆ. ಮಠ, ದೇವಸ್ಥಾನಗಳ ಇನಾಂ ಇದ್ದ ಗ್ರಾಮಗಳಲ್ಲಿ 1950ರ ದಶಕದ ಇನಾಂ ರದ್ದತಿ ಕಾಯ್ದೆಗಳ ನಂತರ ಹಕ್ಕು ಯಾರಿಗೆ ಸ್ಥಿರವಾಯಿತು ಎಂಬ ಆದೇಶವನ್ನೂ ಕೇಳುತ್ತಾರೆ. ಸರ್ಕಾರದ ಆಶ್ರಯ ಯೋಜನೆಯ ಮನೆಗಳ ಹಕ್ಕುಪತ್ರದಲ್ಲಿ ಪರಭಾರೆ ನಿಷೇಧದ ಅವಧಿ ಬರೆದಿರುತ್ತದೆ. ಅದು ಮುಗಿಯುವ ಮುನ್ನ ಮಾಡಿದ ಮಾರಾಟಕ್ಕೆ ಬೆಲೆಯಿಲ್ಲ.

ಪಿತ್ರಾರ್ಜಿತ ಮನೆಯಾದರೆ ವಂಶವೃಕ್ಷ, ವಿಭಾಗಪತ್ರ, ವಾರಸುದಾರರ ಹೆಸರಿಗಾದ ಪೌತಿ ಖಾತೆ ನೋಡಬೇಕು. ಕರ್ನಾಟಕ 1994ರಲ್ಲೇ, ಕೇಂದ್ರ ಸರ್ಕಾರ 2005ರಲ್ಲಿ, ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳ ಸಮನಾದ ಹಕ್ಕು ಕೊಟ್ಟವು; 2020ರ ಸುಪ್ರೀಂ ಕೋರ್ಟ್ ತೀರ್ಪು ಉಳಿದ ಸಂಶಯವನ್ನೂ ತೆಗೆಯಿತು. ಅಣ್ಣತಮ್ಮಂದಿರಷ್ಟೇ ಸಹಿ ಹಾಕಿ ಮಾರಿದ ಮನೆಯ ಮೇಲೆ ಮದುವೆಯಾಗಿ ಹೋದ ಅಕ್ಕತಂಗಿಯರು ಪಾಲಿಗೆ ದಾವೆ ಹೂಡುವ ಪ್ರಕರಣಗಳು ಇದರಿಂದಲೇ. ಸಾಮಾನ್ಯ ಅಧಿಕಾರ ಪತ್ರದ (ಜಿಪಿಎ) ಮೇಲೆ ನಡೆದ ಮಾರಾಟದಿಂದ ಹಕ್ಕು ವರ್ಗಾವಣೆಯಾಗದು ಎಂಬುದೂ 2011ರಿಂದ ಇತ್ಯರ್ಥವಾದ ವಿಷಯ.

ಹೊಳೆಯೂ ದಾಖಲೆಯೊಳಗೆ ಬರುತ್ತದೆ. ಕಬಿನಿ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ನಂಜನಗೂಡಿನ ಹಳ್ಳದಕೇರಿ, ತೋಪಿನ ಬೀದಿಯಂಥ ತಗ್ಗು ಪ್ರದೇಶಗಳಿಗೆ ಕಪಿಲೆ ನುಗ್ಗುತ್ತದೆ. 2018, 2019ರ ನೆರೆಯಲ್ಲಿ ಇದನ್ನು ಊರು ಕಂಡಿದೆ. ಮೌಲ್ಯಮಾಪಕರು ಇಂಥ ಜಾಗಕ್ಕೆ ಬೆಲೆ ತಗ್ಗಿಸಬಹುದು. ಸಾಲದ ಜೊತೆ ಬರುವ ವಿಮೆ ಸಾಲಗಾರನ ಜೀವಕ್ಕೋ ಕಟ್ಟಡಕ್ಕೋ, ಕಟ್ಟಡಕ್ಕಾದರೆ ಪ್ರವಾಹವೂ ಅದರಲ್ಲಿ ಸೇರಿದೆಯೋ ಎಂದು ಓದಿ ನೋಡಬೇಕಾದ್ದು ಇಲ್ಲಿಯೇ.

ಖರೀದಿಯ ವೆಚ್ಚ

ಬಾಯಿಮಾತಿನ ಬೆಲೆ, ಕ್ರಯಪತ್ರದ ಬೆಲೆ, ಸರ್ಕಾರದ ಮಾರ್ಗಸೂಚಿ ಬೆಲೆ, ಬ್ಯಾಂಕಿನ ಮೌಲ್ಯಮಾಪನ ಎಂದು ಒಂದು ಮನೆಗೆ ನಾಲ್ಕು ಬೆಲೆಗಳಿರುತ್ತವೆ. ಮುದ್ರಾಂಕ ಶುಲ್ಕ ಕ್ರಯದ ಬೆಲೆ ಮತ್ತು ಮಾರ್ಗಸೂಚಿ ಬೆಲೆಗಳಲ್ಲಿ ಹೆಚ್ಚಿನದರ ಮೇಲೆ. ರಾಜ್ಯದಲ್ಲಿ ಮಾರ್ಗಸೂಚಿ ಬೆಲೆಗಳನ್ನು 2023ರ ಅಕ್ಟೋಬರ್ 1ರಿಂದ ಪರಿಷ್ಕರಿಸಲಾಯಿತು. ಬ್ಯಾಂಕು ಸಾಲದ ಮಿತಿ ಕಟ್ಟುವುದು ಕ್ರಯದ ಬೆಲೆ ಮತ್ತು ತನ್ನ ಮೌಲ್ಯಮಾಪನಗಳಲ್ಲಿ ಕಡಿಮೆಯದರ ಮೇಲೆ. ಹೀಗಾಗಿ ಶುಲ್ಕ ಉಳಿಸಲೆಂದು ಪತ್ರದಲ್ಲಿ ಬೆಲೆ ಇಳಿಸಿದವರಿಗೆ ಸಾಲವೂ ಇಳಿಯುತ್ತದೆ. ಜೊತೆಗೆ, ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯುವುದು ಆದಾಯ ತೆರಿಗೆ ಕಾನೂನಿಗೆ ವಿರುದ್ಧ.

ಸಾಮಾನ್ಯ ಕ್ರಯಕ್ಕೆ ಮುದ್ರಾಂಕ ಶುಲ್ಕ ಶೇ 5. ಆ ಶುಲ್ಕದ ಮೇಲೆ ಶೇ 10 ಸೆಸ್. ಅದೇ ಶುಲ್ಕದ ಮೇಲೆ ಪಟ್ಟಣದಲ್ಲಿ ಶೇ 2, ಪಂಚಾಯಿತಿ ವ್ಯಾಪ್ತಿಯಲ್ಲಿ ಶೇ 3 ಸರ್‌ಚಾರ್ಜ್. ನೋಂದಣಿ ಶುಲ್ಕ ಶೇ 1 ಇದ್ದದ್ದು 2025ರ ಆಗಸ್ಟ್ 31ರಿಂದ ಶೇ 2 ಆಗಿದೆ. ನಂಜನಗೂಡು ಪಟ್ಟಣದಲ್ಲಿ 25 ಲಕ್ಷ ರೂಪಾಯಿಯ ಮನೆಗೆ ಇದರ ಲೆಕ್ಕ ಹೀಗೆ:

ಮುದ್ರಾಂಕ ಶುಲ್ಕ: 1,25,000 ರೂ.
ಸೆಸ್: 12,500 ರೂ.
ಸರ್‌ಚಾರ್ಜ್: 2,500 ರೂ.
ನೋಂದಣಿ ಶುಲ್ಕ: 50,000 ರೂ.
ಒಟ್ಟು: 1,90,000 ರೂ., ಅಂದರೆ ಬೆಲೆಯ ಶೇ 7.6.

ಅದೇ ಬೆಲೆಯ ಮನೆ ಹುಲ್ಲಹಳ್ಳಿಯಂಥ ಪಂಚಾಯಿತಿ ಊರಲ್ಲಿದ್ದರೆ ಒಟ್ಟು 1,91,250 ರೂ. ಕುಟುಂಬದೊಳಗಿನ ದಾನಪತ್ರ, ವಿಭಾಗಪತ್ರಗಳಿಗೆ ಶೇಕಡಾವಾರು ಶುಲ್ಕದ ಬದಲು ನಿಗದಿತ ಮೊತ್ತವಿರುವುದರಿಂದ ಅವು ಬಹಳ ಅಗ್ಗ.

ಇದಲ್ಲದೆ ಪತ್ರ ಬರಹಗಾರರ ಕೂಲಿ, ವಕೀಲರ ಮತ್ತು ಮೌಲ್ಯಮಾಪಕರ ಶುಲ್ಕ, ಬ್ಯಾಂಕಿನ ಸಂಸ್ಕರಣಾ ಶುಲ್ಕ, ಹಕ್ಕುಪತ್ರ ಠೇವಣಿಯ ಮುದ್ರಾಂಕ, ಖಾತೆ ವರ್ಗಾವಣೆ, ದಲ್ಲಾಳಿಯ ಕಮಿಷನ್, ವಿಮೆಯ ಕಂತು ಇವೆಲ್ಲ ಸೇರುತ್ತವೆ. 50 ಲಕ್ಷ ಅಥವಾ ಹೆಚ್ಚಿನ ಬೆಲೆಯ ಆಸ್ತಿಯಾದರೆ ಕೊಳ್ಳುವವರು ಶೇ 1 ತೆರಿಗೆ ಮುರಿದುಕೊಂಡು ಸರ್ಕಾರಕ್ಕೆ ಕಟ್ಟಬೇಕು. ನಿರ್ಮಾಣ ಪೂರ್ಣಗೊಂಡ ಮನೆಗೆ ಜಿಎಸ್‌ಟಿ ಇಲ್ಲ. 2024ರ ಸೆಪ್ಟೆಂಬರಿನಿಂದ ಜಿಲ್ಲೆಯ ಯಾವುದೇ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ ಮಾಡಿಸಬಹುದಾಗಿದೆ. ತಿ. ನರಸೀಪುರದ ಮನೆಯ ಪತ್ರ ಮೈಸೂರಿನಲ್ಲೂ ಆಗುತ್ತದೆ. ಬರೆದು ಸಹಿಯಾದ ಪತ್ರವನ್ನು ನಾಲ್ಕು ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಬೇಕು.

ಕೈಯಿಂದ ಹಾಕಬೇಕಾದ ಹಣ

ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಸಾಲ ಮನೆಯ ಮೌಲ್ಯದ ಶೇ 90 ಮೀರಬಾರದು. 30ರಿಂದ 75 ಲಕ್ಷದವರೆಗೆ ಶೇ 80. ಅದಕ್ಕೂ ಮೇಲೆ ಶೇ 75. ಮುದ್ರಾಂಕ, ನೋಂದಣಿ ಖರ್ಚು ಈ ಮೌಲ್ಯಕ್ಕೆ ಸೇರುವುದಿಲ್ಲ. 10 ಲಕ್ಷದವರೆಗಿನ ಮನೆಗಳಿಗೆ ಮಾತ್ರ ವಿನಾಯಿತಿ. 25 ಲಕ್ಷದ ಮನೆಗೆ 20 ಲಕ್ಷ ಸಾಲ ಸಿಕ್ಕರೂ ಉಳಿದ 5 ಲಕ್ಷ ಮತ್ತು 1.90 ಲಕ್ಷ, ಮೇಲಿನ ಚಿಲ್ಲರೆ ಖರ್ಚುಗಳೂ ಸೇರಿ, 7 ಲಕ್ಷಕ್ಕೆ ಕಡಿಮೆಯಿಲ್ಲದಷ್ಟು ಹಣ ಕೈಯಲ್ಲಿರಬೇಕು.

ಅದನ್ನು ಹೊಂದಿಸುವ ದಾರಿಗಳೇ ಅನೇಕ ವೇಳೆ ಮನೆಯನ್ನು ದುಬಾರಿಯಾಗಿಸುತ್ತವೆ. ಭವಿಷ್ಯನಿಧಿ, ಸಹಕಾರ ಸಂಘದ ಸಾಲ, ನೋಂದಾಯಿತ ಚೀಟಿ ಒಂದು ಕಡೆ; ಒಡವೆ ಗಿರವಿ, ಮೈಕ್ರೊಫೈನಾನ್ಸ್, ಮೀಟರ್ ಬಡ್ಡಿ ಇನ್ನೊಂದು ಕಡೆ. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ ಎಂದರೆ ವರ್ಷಕ್ಕೆ ಶೇ 36. ಬ್ಯಾಂಕಿನ ಗೃಹಸಾಲದ ನಾಲ್ಕು ಪಟ್ಟಿಗಿಂತ ಹೆಚ್ಚು. 2025ರ ಜನವರಿಯಲ್ಲಿ ಕಿರುಸಾಲದ ವಸೂಲಿ ಕಿರುಕುಳಕ್ಕೆ ಅಂಜಿ ಜನ ಊರು ಬಿಟ್ಟ ಸುದ್ದಿ ನಂಜನಗೂಡು ತಾಲ್ಲೂಕಿನಿಂದಲೂ ಬಂತು. ಮರುತಿಂಗಳೇ ರಾಜ್ಯ ಸರ್ಕಾರ ಬಲವಂತದ ವಸೂಲಿ ತಡೆಯುವ ಅಧ್ಯಾದೇಶ ಹೊರಡಿಸಿತು. ಮನೆಯ ಮುಂಗಡಕ್ಕೆಂದು ಇಂಥ ಸಾಲ ಮಾಡಿದವರಿಗೆ ಗೃಹಸಾಲದ ಕಂತು ಆರಂಭವಾಗುವ ಹೊತ್ತಿಗೆ ಸಂಬಳದ ದೊಡ್ಡ ಪಾಲು ಹೋಗಿರುತ್ತದೆ.

ಕಂತು ಮತ್ತು ಬಡ್ಡಿಯ ಲೆಕ್ಕ

20 ಲಕ್ಷ ಸಾಲ, ಶೇ 8.5 ಬಡ್ಡಿ, 20 ವರ್ಷ ಎಂದಿಟ್ಟುಕೊಂಡರೆ ತಿಂಗಳ ಕಂತು ಸುಮಾರು 17,356 ರೂ. ಮೊದಲ ತಿಂಗಳ ಕಂತಿನಲ್ಲಿ 14,167 ರೂ. ಬಡ್ಡಿಗೇ ಹೋಗಿ, ಅಸಲಿಗೆ ಜಮೆಯಾಗುವುದು 3,189 ರೂ. ಮಾತ್ರ. 20 ವರ್ಷದಲ್ಲಿ ಕಟ್ಟುವ ಒಟ್ಟು ಮೊತ್ತ ಸುಮಾರು 41.65 ಲಕ್ಷ, ಬಡ್ಡಿಯೇ 21.65 ಲಕ್ಷ. ಇದೇ ಸಾಲವನ್ನು 15 ವರ್ಷಕ್ಕೆ ಇಳಿಸಿದರೆ ಕಂತು ಸುಮಾರು 19,695 ರೂ., ಬಡ್ಡಿ ಸುಮಾರು 15.45 ಲಕ್ಷ. ತಿಂಗಳಿಗೆ 2,340 ರೂಪಾಯಿಯಷ್ಟು ಹೆಚ್ಚು ಕಟ್ಟಿದರೆ 6 ಲಕ್ಷಕ್ಕೂ ಹೆಚ್ಚು ಬಡ್ಡಿ ಉಳಿಯುತ್ತದೆ.

2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳ ಹೊಸ ಬದಲಾಗುವ ಬಡ್ಡಿಯ ಗೃಹಸಾಲಗಳು ರಿಸರ್ವ್ ಬ್ಯಾಂಕಿನ ರೆಪೊ ದರದಂಥ ಹೊರಗಿನ ಮಾನದಂಡಕ್ಕೆ ಜೋಡಣೆಯಾಗಿವೆ. ರೆಪೊ 2023ರ ಫೆಬ್ರವರಿಯಲ್ಲಿ ಶೇ 6.50ಕ್ಕೆ ಏರಿ, 2025ರ ಜೂನ್ ವೇಳೆಗೆ 5.50ಕ್ಕೆ ಇಳಿಯಿತು. ದರ ಏರಿದಾಗ ಬ್ಯಾಂಕು ಕಂತು ಹೆಚ್ಚಿಸದೆ ಅವಧಿ ಹಿಗ್ಗಿಸುವುದುಂಟು. ಮೇಲಿನ ಸಾಲದ ಆರಂಭದಲ್ಲೇ ದರ ಶೇ 9.5 ಆಗಿ ಕಂತು ಮಾತ್ರ ಹಾಗೇ ಉಳಿದರೆ, 240 ತಿಂಗಳ ಸಾಲ 309 ತಿಂಗಳಿಗೆ ಬೆಳೆಯುತ್ತದೆ. ಕಂತು ಹೆಚ್ಚಿಸಬೇಕೋ ಅವಧಿಯೋ ಎಂದು ಆರಿಸುವ ಅವಕಾಶವನ್ನು ಸಾಲಗಾರನಿಗೆ ಕೊಡಬೇಕೆಂಬ ನಿಯಮವಿದೆ. ಬದಲಾಗುವ ಬಡ್ಡಿಯ ಗೃಹಸಾಲವನ್ನು ವ್ಯಕ್ತಿಗಳು ಅವಧಿಗೆ ಮೊದಲೇ ತೀರಿಸಿದರೆ ದಂಡವಿಲ್ಲ. ರೇಷ್ಮೆಗೂಡಿನ ಹಣವೋ ಬೋನಸ್ಸೋ ಬಂದಾಗ ಮೊದಲ ವರ್ಷಗಳಲ್ಲೇ ಅಸಲಿಗೆ ಕಟ್ಟಿದಷ್ಟೂ ಲಾಭ.

ಮನೆ ಕಟ್ಟಲು ಕೊಡುವ ಸಾಲ ಒಟ್ಟಿಗೆ ಕೈಗೆ ಬರುವುದಿಲ್ಲ. ಪಾಯ, ಲಿಂಟಲ್, ಆರ್‌ಸಿಸಿ, ಗಾರೆ ಎಂದು ಹಂತಹಂತವಾಗಿ, ಎಂಜಿನಿಯರ್ ನೋಡಿದ ಮೇಲೆ ಬಿಡುಗಡೆಯಾಗುತ್ತದೆ. ಅಲ್ಲಿಯವರೆಗೆ ತೆಗೆದುಕೊಂಡ ಹಣಕ್ಕಷ್ಟೇ ಬಡ್ಡಿ ಕಟ್ಟುತ್ತಾರೆ. ಆ ಬಡ್ಡಿಯಿಂದ ಅಸಲು ಒಂದು ರೂಪಾಯಿಯೂ ಇಳಿಯದ ಕಾರಣ, ಕೆಲಸ ನಿಂತಷ್ಟು ದಿನ ಖರ್ಚು ಏರುತ್ತದೆ. ಹಾಗಾಗಿ ಬಾಡಿಗೆ ಮತ್ತು ಬಡ್ಡಿ ಎರಡನ್ನೂ ಒಟ್ಟಿಗೆ ತೆರುವ ತಿಂಗಳುಗಳಿಗೂ ಹಣ ಎತ್ತಿಡಬೇಕು.

2024ರ ಅಕ್ಟೋಬರ್ 1ರಿಂದ ಪ್ರತಿ ಗೃಹಸಾಲಕ್ಕೂ ಮುಖ್ಯಾಂಶಗಳ ಪತ್ರ ಕೊಡುವುದು ಕಡ್ಡಾಯ. ಶುಲ್ಕಗಳೆಲ್ಲ ಸೇರಿದ ವಾರ್ಷಿಕ ದರ ಅದರಲ್ಲಿರುತ್ತದೆ. ಎರಡು ಸಂಸ್ಥೆಗಳನ್ನು ಹೋಲಿಸಲು ಜಾಹೀರಾತಿನ ಬಡ್ಡಿಗಿಂತ ಇದೇ ಸರಿಯಾದ ಅಳತೆ.

ಸಹಾಯಧನ ಮತ್ತು ತೆರಿಗೆ ರಿಯಾಯಿತಿ

2024ರ ಸೆಪ್ಟೆಂಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆ (ನಗರ) 2.0ರಲ್ಲಿ ವರ್ಷಕ್ಕೆ 9 ಲಕ್ಷದವರೆಗೆ ವರಮಾನವಿರುವ, ದೇಶದಲ್ಲೆಲ್ಲೂ ಪಕ್ಕಾ ಮನೆಯಿಲ್ಲದ ಕುಟುಂಬಗಳು ಬಡ್ಡಿ ಸಹಾಯಧನ ಕೇಳಬಹುದು. ಮನೆಯ ಬೆಲೆ 35 ಲಕ್ಷ, ಸಾಲ 25 ಲಕ್ಷ ಮೀರಬಾರದು. ಮೊದಲ 8 ಲಕ್ಷ ಸಾಲಕ್ಕೆ ಶೇ 4ರಂತೆ ಹೆಚ್ಚೆಂದರೆ 1.80 ಲಕ್ಷ ರೂಪಾಯಿ ಐದು ವಾರ್ಷಿಕ ಕಂತುಗಳಲ್ಲಿ ಬರುತ್ತದೆ. ಹಳ್ಳಿಗಳಿಗೆ 2016ರಲ್ಲಿ ಆರಂಭವಾದ ಗ್ರಾಮೀಣ ಆವಾಸ್ ಯೋಜನೆ ಬೇರೆಯೇ ಇದೆ. ಅದರ ಆಯ್ಕೆ ಪಂಚಾಯಿತಿಯ ಪಟ್ಟಿಯಿಂದ.

ಹಳೆಯ ತೆರಿಗೆ ಪದ್ಧತಿಯಲ್ಲಿ ಸ್ವಂತ ವಾಸದ ಮನೆಯ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗೆ, ಅಸಲು ಮತ್ತು ಮುದ್ರಾಂಕ ಶುಲ್ಕಕ್ಕೆ ಇತರ ಉಳಿತಾಯಗಳೂ ಸೇರಿ 1.5 ಲಕ್ಷದವರೆಗೆ ಕಡಿತ ಸಿಗುತ್ತದೆ. ಹೊಸ ಪದ್ಧತಿಯಲ್ಲಿ ಸ್ವಂತ ವಾಸದ ಮನೆಗೆ ಇವೆರಡೂ ಇಲ್ಲ.

ಕಂತು ತಪ್ಪಿದಾಗ

90 ದಿನಕ್ಕಿಂತ ಹೆಚ್ಚು ಕಂತು ಬಾಕಿ ಉಳಿದರೆ ಬ್ಯಾಂಕು ಸಾಲವನ್ನು ಅನುತ್ಪಾದಕ ಎಂದು ಗುರುತಿಸುತ್ತದೆ. ಆಮೇಲೆ 2002ರ ಸರ್ಫೇಸಿ ಕಾಯ್ದೆಯಂತೆ 60 ದಿನಗಳ ನೋಟಿಸು ಕೊಟ್ಟು, ನ್ಯಾಯಾಲಯದಲ್ಲಿ ದಾವೆ ಹೂಡದೆಯೇ ಮನೆಯ ಸ್ವಾಧೀನಕ್ಕೆ ಮುಂದಾಗಬಹುದು. ನೋಟಿಸಿಗೆ ಸಾಲಗಾರ ಬರೆದ ಆಕ್ಷೇಪಣೆಗೆ ಬ್ಯಾಂಕು 15 ದಿನದೊಳಗೆ ಕಾರಣಸಹಿತ ಉತ್ತರ ಕೊಡಬೇಕು. ಸ್ವಾಧೀನದ ಕ್ರಮವನ್ನು ಪ್ರಶ್ನಿಸಲು 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು. ಈ ಜಿಲ್ಲೆಯವರು ಅದಕ್ಕೆ ಬೆಂಗಳೂರಿಗೆ ಹೋಗಬೇಕು. ಹರಾಜಿನ ಪ್ರಕಟಣೆ ಹೊರಡುವ ಮುನ್ನ ಪೂರ್ತಿ ಬಾಕಿ ಕಟ್ಟಿದರೆ ಮನೆ ಉಳಿಯುತ್ತದೆ. ಹರಾಜಿನಲ್ಲಿ ಬಾಕಿಗಿಂತ ಹೆಚ್ಚು ಬಂದ ಹಣ ಸಾಲಗಾರನಿಗೇ ಸೇರಬೇಕು.

ನೋಟಿಸು ಬರುವವರೆಗೆ ಕಾಯದೆ, ಒಂದೆರಡು ಕಂತು ತಪ್ಪಿದ ಹಂತದಲ್ಲೇ ಶಾಖೆಗೆ ಹೋಗಿ ಅವಧಿ ಮರುಹೊಂದಿಕೆ ಕೇಳಿದರೆ ದಾರಿಗಳು ಹೆಚ್ಚು. ಒಳ್ಳೆಯ ಬೆಲೆಗೆ ತಾವೇ ಮಾರಿ ಸಾಲ ತೀರಿಸುವ ಅವಕಾಶವೂ ಆಗ ಉಳಿದಿರುತ್ತದೆ. 2024ರ ಏಪ್ರಿಲ್‌ನಿಂದ ತಪ್ಪಿದ ಕಂತಿಗೆ ದಂಡ ಹಾಕಬಹುದೇ ಹೊರತು ಅದನ್ನು ಬಡ್ಡಿಗೆ ಸೇರಿಸಿ ಬೆಳೆಸುವಂತಿಲ್ಲ. ಬ್ಯಾಂಕಿಗೆ ಕೊಟ್ಟ ಲಿಖಿತ ದೂರಿಗೆ 30 ದಿನದಲ್ಲಿ ಪರಿಹಾರ ಸಿಗದಿದ್ದರೆ 2021ರಲ್ಲಿ ಒಂದುಗೂಡಿಸಿದ ರಿಸರ್ವ್ ಬ್ಯಾಂಕ್ ಲೋಕಪಾಲ ವ್ಯವಸ್ಥೆಗೆ ಶುಲ್ಕವಿಲ್ಲದೆ ದೂರಬಹುದು.

ಅಡಮಾನದ ಬಿಡುಗಡೆ

ಕೊನೆಯ ಕಂತು ಕಟ್ಟಿದಾಗ ಸಾಲ ತೀರುತ್ತದೆ, ದಾಖಲೆಯಲ್ಲಿ ಅಡಮಾನ ಉಳಿದಿರುತ್ತದೆ. ಸಾಲಗಾರ ಬ್ಯಾಂಕಿನಿಂದ ಬಾಕಿಯಿಲ್ಲವೆಂಬ ಪತ್ರ ಪಡೆದು, ಉಪನೋಂದಣಾಧಿಕಾರಿ ಕಚೇರಿಯಲ್ಲಿ ಬಿಡುಗಡೆ ಪತ್ರ ನೋಂದಾಯಿಸಿ, ಸೆರ್ಸಾಯ್‌ನಲ್ಲೂ ದಾಖಲೆ ತೆಗೆಸಿ, ಹೊಸ ಋಣಭಾರ ಪತ್ರದಲ್ಲಿ ಅದು ಕಾಣಿಸುವುದನ್ನು ಖಚಿತಪಡಿಸಿಕೊಳ್ಳಬೇಕು. 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮದಂತೆ, ಪೂರ್ತಿ ಸಾಲ ತೀರಿದ 30 ದಿನಗಳೊಳಗೆ ಮೂಲ ಪತ್ರಗಳೆಲ್ಲ ಮರಳಿ ಬರಬೇಕು. ತನ್ನ ಕಾರಣದಿಂದ ತಡವಾದರೆ ಸಾಲ ಕೊಟ್ಟ ಸಂಸ್ಥೆ ದಿನಕ್ಕೆ 5,000 ರೂಪಾಯಿಯಂತೆ ಸಾಲಗಾರನಿಗೆ ಪರಿಹಾರ ಕೊಡಬೇಕು.